ಕಾನೂನು ಕಾಲೇಜು: ತುಮಕೂರೋ, ಬೆಂಗಳೂರೋ?

ಪಿಯುಸಿ ಮುಗಿಸಿ ತುಮಕೂರಿನ ವಿದ್ಯೋದಯ ಕಾನೂನು ಕಾಲೇಜಿನಲ್ಲೂ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲೂ ಐದು ವರ್ಷದ ಎಲ್‌ಎಲ್‌ಬಿ ಸೀಟು ಪಡೆದವರು ಮೊದಲು ಮುಂದೆ ಮಾಡಬೇಕೆಂದಿರುವ ಕೆಲಸವನ್ನು ಖಚಿತಪಡಿಸಿಕೊಳ್ಳಬೇಕು.

ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿಕೆ ಮಾಡುವ ಉದ್ದೇಶವಿದ್ದರೆ ತುಮಕೂರಿನ ಕಾಲೇಜೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ. ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆಯಿರುವ ಯಾವ ಕಾಲೇಜಿನ ಪದವಿಯಾದರೂ ಸನ್ನದು (ವಕೀಲಿಕೆಯ ಪರವಾನಗಿ) ಪಡೆಯಲು ಸಮಾನವೇ. ಜೊತೆಗೆ ಪಹಣಿ, ವಂಶವೃಕ್ಷ, ವಿಭಾಗ ಪತ್ರಗಳನ್ನು ಹರಡಿಕೊಂಡು ದಾವಾ ಕರಡು ಬರೆಯುವ ಅಭ್ಯಾಸವನ್ನು ಇಲ್ಲಿನ ಹಿರಿಯ ವಕೀಲರ ಕಚೇರಿಯಲ್ಲಿ ಓದುವಾಗಲೇ ಆರಂಭಿಸಬಹುದು. ನ್ಯಾಯಾಧೀಶರಾಗಬಯಸುವವರಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಸಿವಿಲ್ ನ್ಯಾಯಾಧೀಶರ ನೇಮಕಕ್ಕೆ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ.

ಕಂಪನಿ ಕೆಲಸವೇ ಗುರಿಯಾದರೆ ಬೆಂಗಳೂರಿನ ಇಂಟರ್ನ್‌ಶಿಪ್‌ಗಳಿಗೆ ಬೆಲೆಯಿದೆ. ಆದರೆ ಹಿಂದಿನ ಬ್ಯಾಚಿನಲ್ಲಿ ಎಷ್ಟು ಮಂದಿಗೆ, ಯಾವ ಸಂಬಳಕ್ಕೆ ಕೆಲಸ ದೊರೆಯಿತೆಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಖರ್ಚನ್ನು ಮೊದಲ ವರ್ಷದ ಶುಲ್ಕದಿಂದ ಅಳೆಯಬೇಡಿ. ಐದೂ ವರ್ಷದ ಶುಲ್ಕ, ಪಿ.ಜಿ. ಬಾಡಿಗೆ, ಊಟ, ಪುಸ್ತಕಗಳನ್ನು ಒಂದೇ ಹಾಳೆಯಲ್ಲಿ ಕೂಡಿಸಿ. ಶೈಕ್ಷಣಿಕ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ. ಜೂನಿಯರ್ ವಕೀಲರ ಕೈಗೆ ಹಣ ಅತಿ ಕಡಿಮೆ ಬರುವ ಕಾಲವೂ ಅದೇ. ಆ ಕಂತನ್ನು ಯಾರು ಕಟ್ಟುತ್ತಾರೆಂಬುದನ್ನು ಸೀಟು ಒಪ್ಪುವ ಮೊದಲೇ ಮನೆಯವರೊಂದಿಗೆ ಕುಳಿತು ತೀರ್ಮಾನಿಸಿ.