ಪೆನ್ನಿನೊಳಗಿನ ಹಿತ್ತಾಳೆ ಟ್ಯೂಬ್ ಕಪ್ಪು ಮಾಡೋದು ಹೇಗೆ?

ಬೋರರ್ (ಕಾಂಡ ಕೊರೆಯೋ ಹುಳ) ಹೊಡೆದ ಅರೇಬಿಕಾ ಕಾಫಿ ಗಿಡನ ಕಿತ್ತು ಸುಡೋದು ಕೊಡಗಿನ ತೋಟಗಳಲ್ಲಿ ಮಾಮೂಲಿ, ಸುಡ್ಲೇಬೇಕು ಕೂಡ, ಇಲ್ಲಾಂದ್ರೆ ಒಳಗಿನ ಹುಳ ದುಂಬಿಯಾಗಿ ಪಕ್ಕದ ಗಿಡಕ್ಕೆ ಹೊರಡುತ್ತೆ. ಬೆಂಕಿಗೆ ಹಾಕೋ ಮುಂಚೆ ಬುಡದಿಂದ ಒಂದು ಗೇಣು ತುಂಡು ನಾನು ಕೊಯ್ದು ಇಟ್ಕೋತೀನಿ, ಚೌಕ ಸೀಳಿ ಹಳೇ ಓವನ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿ ಒಣಗಿಸಿಬಿಟ್ರೆ ಹುಳದ ಕಥೆ ಮುಗೀತು. ಹುಳ ತಿಂದ ಸುರಂಗಕ್ಕೆ ಕ್ಲಿಯರ್ ರೆಸಿನ್ (ಗಾಜಿನ ಥರ ಗಟ್ಟಿಯಾಗೋ ದ್ರವ) ತುಂಬಿ ಲೇತ್‌ಗೆ ಹಾಕಿದ್ರೆ ಒಳ್ಳೇ ಪೆನ್ನು ಆಗುತ್ತೆ. ತಾಪತ್ರಯ ಒಂದೇ. ಮರಕ್ಕೆ ಉದ್ದಕ್ಕೂ ತೂತು ಕೊರೆದು ಒಳಗೆ ಅಂಟಿಸೋ ಹಿತ್ತಾಳೆ ಟ್ಯೂಬ್ ಆ ಸುರಂಗದಿಂದ ಪಳಪಳ ಅಂತ ಇಣುಕುತ್ತೆ. ಸ್ಲಿಮ್‌ಲೈನ್ ಅನ್ನೋ ತೆಳು ಪೆನ್ನಲ್ಲಿ ಟ್ಯೂಬ್ 7 ಮಿ.ಮೀ., ತುದಿಯಲ್ಲಿ ಅದರ ಮೇಲೆ ಉಳಿಯೋ ಮರ ಒಂದು ಮಿಲಿಮೀಟರ್ ಕೂಡ ಇರಲ್ಲ, ಹಾಗಾಗಿ ರೆಸಿನ್ ಇಲ್ಲದ ಬಿಳಿ ಮರದಲ್ಲೂ ಕೆಲವು ಸಲ ಹಳದಿ ಛಾಯೆ ಬರುತ್ತೆ.

ಬೀಟೆ ಥರದ ಕಪ್ಪು ಮರ ಆದ್ರೆ ಇದ್ಯಾವುದೂ ಬೇಡ, ಸುಮ್ನೆ ಅಂಟಿಸಿ. ಉಳಿದವಕ್ಕೆ ಸುಲಭದ ದಾರಿ ಪೇಂಟ್. ಆದ್ರೆ ಟ್ಯೂಬಿಗೆ ಹೊಡೀಬೇಡಿ, ದಪ್ಪ ಆಗಿ ತೂತಿಗೆ ಹೋಗಲ್ಲ, ಹೋದ್ರೂ ಗೀಚ್ಕೊಂಡು ಹೋಗುತ್ತೆ. ಇಯರ್ ಬಡ್ ತಗೊಂಡು ಕಪ್ಪು ಅಕ್ರಿಲಿಕ್ ಬಣ್ಣನ ತೂತಿನ ಒಳಗೋಡೆಗೆ ತೆಳ್ಳಗೆ ಸವರಿ, ಒಂದು ದಿನ ಒಣಗೋಕೆ ಬಿಡಿ. ಇದರಲ್ಲಿ ಒಂದು ಕೊರತೆ: ರೆಸಿನ್ ಹಿಂದೆ ಪೇಂಟ್ ಪೇಂಟ್ ಥರಾನೇ ಕಾಣುತ್ತೆ, ಸತ್ತ ಕಪ್ಪು. ಹಿತ್ತಾಳೆಯೇ ಕಂದಾದ್ರೆ ಹುರಿದ ಕಾಫಿ ಬೀಜದ ಬಣ್ಣ ಬರುತ್ತೆ, ನನಗೆ ಅದೇ ಇಷ್ಟ.

ಮೊದಲು 220 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಟ್ಯೂಬಿನ ಮೈಯೆಲ್ಲಾ ಅಡ್ಡಡ್ಡ ಉಜ್ಜಿ ಒರಟು ಮಾಡಿ. ಈ ಕೆಲಸ ಈಗಲೇ ಆಗ್ಬೇಕು, ಕಪ್ಪಾದ ಮೇಲೆ ಉಜ್ಜಿದ್ರೆ ಬಣ್ಣಾನೂ ಹೋಯ್ತು. ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆದು, ಒರೆಸಿ, ಅಸಿಟೋನ್ ಬಟ್ಟೆಯಲ್ಲಿ ಇನ್ನೊಂದ್ಸಲ ಒರೆಸಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು. ನನ್ನ ಹತ್ರ ಒಂದು ಪೆನ್ನಿದೆ, ರೆಸಿನ್ ಹಿಂದೆ ನನ್ನ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದ ಹಾಗೆ ಹಳದಿಯಾಗಿ ಕೂತಿವೆ, ಜಿಡ್ಡು ಇದ್ದ ಕಡೆ ಬಣ್ಣ ಹಿಡಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಹೊಗೆ ಹಾಕೋದು. ನಿಜವಾದ ಹೊಗೆ ಅಲ್ಲ, ಅಮೋನಿಯಾ ಆವಿ. ಪ್ಲಾಸ್ಟಿಕ್ ಮುಚ್ಚಳದ ಗಾಜಿನ ಭರಣಿ ತಗೊಳ್ಳಿ (ಮತ್ತೆ ಅಡುಗೆಮನೆಗೆ ವಾಪಸ್ ಹೋಗಲ್ಲ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಿ), ತಳದಲ್ಲಿ ಹತ್ತಿ ಉಂಡೆ, ಅದರ ಮೇಲೆ ಎರಡು ಚಮಚ ಲಿಕ್ವಿಡ್ ಅಮೋನಿಯಾ (ನೀರಲ್ಲಿ ಕರಗಿಸಿದ ಅಮೋನಿಯಾ), ಒಂದು ಚಿಟಿಕೆ ಉಪ್ಪು. ಟ್ಯೂಬನ್ನ ಮೀನಿನ ಗಾಳದ ದಾರದಲ್ಲಿ ಪೋಣಿಸಿ, ಹತ್ತಿಗೂ ಗಾಜಿಗೂ ತಾಗದ ಹಾಗೆ ನೇತುಹಾಕಿ ಮುಚ್ಚಿ. ಇದೆಲ್ಲಾ ಮನೆ ಹೊರಗೆ, ಗಾಳಿ ಆಡೋ ಕಡೆ, ಗ್ಲೌಸ್ ಕನ್ನಡಕ ಹಾಕ್ಕೊಂಡು. ಬ್ಲೀಚ್ ಹತ್ರಾನೂ ಬರಬಾರದು, ಅಮೋನಿಯಾ ಜೊತೆ ಸೇರಿದ್ರೆ ವಿಷದ ಗಾಳಿ.

ಎರಡು ಮೂರು ಗಂಟೆಗೊಮ್ಮೆ ಗಾಜಿನ ಹೊರಗಿಂದಲೇ ನೋಡ್ತಾ ಇರಿ. ಮೊದಲು ಮಂಕು, ಆಮೇಲೆ ಜೇನುಬಣ್ಣ, ಆಮೇಲೆ ಕಂದು. ಜೂನ್ ಜುಲೈನಲ್ಲಿ ಮಡಿಕೇರಿ ಕಡೆ ಮಾಡೋದಾದ್ರೆ ಭರಣಿಯೊಳಗೆ ಬೆವರು ಹನಿ ಕಟ್ಟುತ್ತೆ, ಹನಿ ಬಿದ್ದ ಜಾಗದಲ್ಲಿ ನೀಲಿ ಕಲೆ ಏಳುತ್ತೆ, ಅದು ತಾಮ್ರ. ಹಿತ್ತಾಳೆ ಅಂದ್ರೆ ತಾಮ್ರ ಸತುವಿನ ಮಿಶ್ರಣ ಅಲ್ವಾ, ಅಮೋನಿಯಾ ಅದರಿಂದ ತಾಮ್ರನ ಕರಗಿಸಿ ನೀಲಿ ಮಾಡುತ್ತೆ. ಕೆಲವರಿಗೆ ಆ ಕಲೆಯೇ ಚೆಂದ, ನನಗೆ ಬೇಡ, ಹಾಗಾಗಿ ಮಳೆಗಾಲದಲ್ಲಿ ಅಮೋನಿಯಾ ಒಂದೇ ಚಮಚ ಹಾಕ್ತೀನಿ.

ಇನ್ನೂ ಕಪ್ಪಾಗ್ಲಿ ಅಂತ ದಿನಗಟ್ಟಲೆ ಮಾತ್ರ ಬಿಡಬೇಡಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದವರು ಮಳೆಗಾಲಕ್ಕೆ ಹಿತ್ತಾಳೆ ಕಾಡತೂಸುಗಳನ್ನ ಕುದುರೆ ಲಾಯದಲ್ಲಿ ತುಂಬಿಟ್ಟು, ಮಳೆ ಬಿಟ್ಟ ಮೇಲೆ ತೆಗೆದು ನೋಡಿದ್ರೆ ತನ್ನಷ್ಟಕ್ಕೇ ಬಿರುಕು ಬಿಟ್ಟಿದ್ವಂತೆ. ಕುದುರೆ ಗಂಜಲದ ಅಮೋನಿಯಾನೂ, ಎಳೆದು ಮಾಡಿದ ಹಿತ್ತಾಳೆಯೊಳಗೆ ಉಳಿದಿರೋ ಬಿಗಿತಾನೂ ಸೇರಿ ಹಾಗಾಗಿದ್ದು ಅಂತ ಗೊತ್ತಾಗಿದ್ದು 1921ರಲ್ಲಿ. ನಮ್ಮ ಟ್ಯೂಬೂ ಎಳೆದು ಮಾಡಿದ್ದೇ, ಸಾಲದ್ದಕ್ಕೆ ಕೊನೆಗೆ ಅದರೊಳಗೆ ಪೆನ್ನಿನ ಭಾಗಗಳನ್ನ ಒತ್ತಿ ಕೂರಿಸ್ತೀವಿ. ಒಂದು ರಾತ್ರಿ ಸಾಕು. ಬೆಳಿಗ್ಗೆ ತೆಗೆದು ಒಳಗೂ ಹೊರಗೂ ನೀರು ಹಾಯಿಸಿ ತೊಳೆದು, ವಾಸನೆ ಪೂರ್ತಿ ಹೋಗಿದೆಯಾ ನೋಡಿ ಒಣಗಿಸಿ.

ಅಷ್ಟು ಹೊತ್ತು ಯಾರು ಕಾಯ್ತಾರೆ ಅಂತ ನಾನೂ ಒಂದ್ಸಲ ನಿಮಿಷದಲ್ಲಿ ಕಪ್ಪು ಮಾಡೋ ಲಿಕ್ವಿಡ್ ತಂದೆ. ಕಪ್ಪಾಯ್ತು, ಇನ್ನೂ ಸ್ವಲ್ಪ ಇರ್ಲಿ ಅಂತ ಅದ್ದಿಟ್ಟೆ, ಕಾಡಿಗೆ ಪುಡಿ ಥರ ಒಂದು ಪದರ ಕಟ್ಟಿತ್ತು. ಒರೆಸದೆ ಅಂಟಿಸಿದೆ. ಲೇತ್ ಮೇಲೆ ಉಳಿ ಇಟ್ಟ ತಕ್ಷಣ ಟ್ಯೂಬ್ ತಿರುಗ್ತಾ ಇದೆ, ಮರ ನಿಂತಿದೆ! ಗಮ್ ಹಿಡಿದಿದ್ದು ಪುಡಿಯನ್ನ, ಹಿತ್ತಾಳೆಯನ್ನಲ್ಲ. ಆ ಲಿಕ್ವಿಡ್ ಬಳಸೋದಾದ್ರೆ ಬಣ್ಣ ಬಂದ ಕೂಡ್ಲೇ ತೆಗೆದು ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಕಪ್ಪು ಹತ್ತೋದು ನಿಲ್ಲೋವರೆಗೂ.

ಅಂಟಿಸೋಕೆ ಎರಡು ಟ್ಯೂಬಿನ ಎಪಾಕ್ಸಿ ಒಳ್ಳೇದು, ಕಲಸುವಾಗ್ಲೇ ಒಂದು ಚೂರು ಕಪ್ಪು ಪುಡಿ ಬಣ್ಣ ಸೇರಿಸಿ, ಸಂದಿ ಉಳಿದ್ರೂ ಕಾಣಲ್ಲ. ಟ್ಯೂಬಿನ ಬಾಯಿಗೆ ಮಕ್ಕಳ ಆಟದ ಜೇಡಿ ಒತ್ತಿ, ಗಮ್ ಒಳಗೆ ಹೋಗ್ಬಾರದು. ತಿರುಗಿಸ್ತಾ ತಿರುಗಿಸ್ತಾ ತೂರಿಸಿ, ಮಾರನೇ ದಿನದವರೆಗೂ ಮುಟ್ಟಬೇಡಿ. ಆಮೇಲೆ ತುದಿ ಟ್ರಿಮ್ ಮಾಡುವಾಗ ಹೊಸ ಹಿತ್ತಾಳೆ ಉಂಗುರದ ಹಾಗೆ ಮತ್ತೆ ಹೊಳೆಯುತ್ತೆ, ಅಯ್ಯೋ ಅನ್ಕೋಬೇಡಿ, ಅದರ ಮೇಲೆ ಫಿಟ್ಟಿಂಗ್ ಕೂರುತ್ತೆ.