ನಲವತ್ತು ಕೈಗಳ ಒಂದು ನೀಲಿ ಹೊದಿಕೆ

ಬಿಸಿಲಿನಿಂದ ನೀಲಿ ಬಟ್ಟೆಯ ಮೇಲೆ ಎಲೆಗಳ ಅಚ್ಚು ತೆಗೆದು ಹೊದಿಕೆ ಹೊಲಿಯುತ್ತೇವೆ ಅಂದಾಗ ‘ಒಂದು ಒಗೆತಕ್ಕೆ ಎಲ್ಲಾ ಹೋಗಿಬಿಡುತ್ತೆ’ ಅಂತ ನಕ್ಕವರೇ ಮೊನ್ನೆ ಹೊದಿಕೆಯ ಮೂಲೆ ಹಿಡಿದು ಫೋಟೊ ತೆಗೆಸಿಕೊಂಡರು. ಅದಕ್ಕೇ ಈ ಬರಹ.

1842ರಲ್ಲಿ ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪನ್ನು (ದ್ರಾವಣ ಸವರಿ ಬಿಸಿಲಿಗಿಟ್ಟು ನೀಲಿ ಅಚ್ಚು ತೆಗೆಯುವ ವಿಧಾನ) ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ಕಡಲಪಾಚಿಗಳ ಅಚ್ಚಿಗೆ ಬಳಸಿದ್ದರು. ಅವರದು ಕಾಗದ, ನಮ್ಮದು ಹತ್ತಿ ಬಟ್ಟೆ. ನಲವತ್ತು ಜನ, ಒಬ್ಬೊಬ್ಬರೂ ದಿನಾ ಓಡಾಡುವ ದಾರಿಯಿಂದ ಒಂದೊಂದು ಎಲೆ ತರಬೇಕು. ಬಿಸಿಲಿನಲ್ಲಿ ಮೂಡುವುದು ಎಲೆಯ ಅಂಚು ಮಾತ್ರ. ಒಳಗಿನ ನರಗಳನ್ನು ಎಲೆ ನೋಡಿಕೊಂಡೇ ಸೂಜಿಯಲ್ಲಿ ಹಾಕಬೇಕು.

ಮೊದಲ ಸಲ ಹೊಸ ಬಟ್ಟೆಯ ಗಂಜಿ ತೆಗೆಯದೆ ದ್ರಾವಣ ಸವರಿದೆ. ಜಾಲಿಸುವಾಗ ನೀಲಿಯೆಲ್ಲ ಬಕೆಟ್ಟಿಗೆ. ಕೂಡಿಸಿದ್ದ ದುಡ್ಡಿನ ಅರ್ಧ ಅಲ್ಲೇ ಹೋಯಿತು, ಉಳಿದದ್ದಕ್ಕೆ ನನ್ನ ಕೈಯಿಂದ ಹಾಕಿದೆ. ಎರಡನೇ ಸಲ ಅವರವರ ಮನೆಯಲ್ಲೇ ಸವರಲು ಬಿಟ್ಟೆ. ನಲವತ್ತು ಬಗೆಯ ನೀಲಿ ಬಂತು, ಐದಾರು ತುಂಡು ಬಿಸಿಲು ಕಾಣುವ ಮೊದಲೇ ಕೆಟ್ಟಿದ್ದವು. ಆಮೇಲೆ ಸವರುವ ಕೆಲಸ ನನ್ನೊಬ್ಬನದೇ: ನೂರು ಮಿಲಿ ನೀರಿಗೆ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಇನ್ನೊಂದು ನೂರಕ್ಕೆ ಪೊಟ್ಯಾಸಿಯಂ ಫೆರಿಸಯನೈಡ್ ಸುಮಾರು 10, ಎರಡನ್ನೂ ಸಮಸಮ ಬೆರೆಸುವುದು. ನಡು ಮಧ್ಯಾಹ್ನದ ಬಿಸಿಲಲ್ಲಿ ಹತ್ತು-ಹನ್ನೆರಡು ನಿಮಿಷ ಸಾಕು, ಮೋಡವಿದ್ದರೆ ಗಡಿಯಾರ ನೋಡಬೇಡಿ, ಬಟ್ಟೆಯ ಬಣ್ಣ ನೋಡಿ. ಎಲೆ ಅಲುಗದಂತೆ ಗಾಜಿನ ಕೆಳಗೆ ಏನು ಹಾಕುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಒಬ್ಬರು ತಮ್ಮ ತುಂಡನ್ನು ಬಟ್ಟೆ ಸೋಡಾದಲ್ಲಿ ಒಗೆದು ತಂದರು, ನೀಲಿ ಹೋಗಿ ಹಳದಿ. ಬಿಸಾಡಲು ಮನಸ್ಸಾಗದೆ ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿದೆ. ಚಹಾದ ಒಗರು (ಟ್ಯಾನಿನ್) ಹಿಡಿದು ತೊಗಟೆಯಂಥ ಕಂದು ಬಂತು! ಅದರ ಬೆನ್ನುಹತ್ತಿ ಒಂದು ವಾರ ಕಳೆದೆ, ಹೊದಿಕೆ ಕೆಲಸ ಹಾಗೇ ನಿಂತಿತ್ತು. ಕೊನೆಗೆ ಆ ತುಂಡೇ ನಡುವೆ ಕೂತಿದೆ.

ಹೊಲಿಗೆಯಲ್ಲೂ ಜಗಳ. ಹುಲ್ಲಿನ ಗರಿ ತಂದಿದ್ದ ಹುಡುಗ ಅದಕ್ಕೆ ಬಲೆಯಂತೆ ನರ ಹೆಣೆದಿದ್ದ. ಗರಿಯನ್ನು ಬೆಳಕಿಗೆ ಹಿಡಿದು ತೋರಿಸಿದೆ: ನರಗಳೆಲ್ಲ ಉದ್ದಕ್ಕೆ, ಒಂದರ ಪಕ್ಕ ಒಂದು. ತುಟಿ ಪಿಟಕ್ಕೆನ್ನದೆ ಅಷ್ಟನ್ನೂ ಬಿಚ್ಚಿ ಮತ್ತೆ ಹಾಕಿದ. ಇಡೀ ಹೊದಿಕೆಯಲ್ಲಿ ನನಗೆ ಅತಿ ಇಷ್ಟ ಅದೇ.

ಮುಗಿದ ಹೊದಿಕೆಯನ್ನು ಕಿಟಕಿ ಪಕ್ಕ ಒಂದು ತಿಂಗಳು ತೂಗುಹಾಕಿದ್ದಕ್ಕೆ ನೀಲಿ ಪೇಲವವಾಯಿತು. ‘ನಾನು ಹೇಳಿರಲಿಲ್ವಾ’ ಅಂದರು, ಮೊದಲು ನಕ್ಕವರು. ಮಡಿಚಿ ಕತ್ತಲ ಪೆಟ್ಟಿಗೆಯಲ್ಲಿಟ್ಟೆ. ಕೆಲವು ದಿನ ಬಿಟ್ಟು ತೆಗೆದಾಗ ನೀಲಿ ಮರಳಿತ್ತು. ಅವರನ್ನು ಕರೆದೇ ತೆಗೆದಿದ್ದೆ.