ಹತ್ತನೇ ತಾರೀಕಿನ ಕಡತ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಹನ್ನೊಂದು ಎಕರೆ ಕಾಫಿ ತೋಟ. ಹೆಚ್ಚು ಪಾಲು ರೋಬಸ್ಟಾ, ಮೇಲಿನ ಏರಿನಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವುದು, ಗೊಬ್ಬರದ ಲೆಕ್ಕ ಇಡುವುದು, ಮಾವನವರು ಬಿಟ್ಟುಹೋದ ಮಳೆ ಪುಸ್ತಕವನ್ನು ಮುಂದುವರಿಸುವುದು ನನ್ನ ಪಾಲಿನ ಕೆಲಸ. ತೋಟದ ಹಣ ಬರುವುದು ವರ್ಷಕ್ಕೊಮ್ಮೆ. ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರಿದಾಗ ಕೈತುಂಬ ಕಾಣುತ್ತದೆ, ಉಳಿದ ತಿಂಗಳುಗಳೆಲ್ಲ ಖರ್ಚು. 2018ರ ಆಗಸ್ಟ್ ಮಳೆಗೆ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ, ಇರುವುದೆಲ್ಲವನ್ನೂ ಈ ಮಣ್ಣಿನ ಮೇಲೆಯೇ ನಂಬಿ ಕೂರಬಾರದು ಅನ್ನಿಸಿತು. ಮರುವರ್ಷ ಚೆರಿ ಮಾರಿದ ಹಣದ ಒಂದು ಪಾಲನ್ನು ಷೇರಿಗೆ ಹಾಕಿದೆ.

ಯಾವ ಷೇರು ಎಂದು ಹೇಳುವವರಿಗೆ ಕೊರತೆ ಇರಲಿಲ್ಲ. ಮದುವೆ ಮನೆಯಲ್ಲಿ ಒಬ್ಬರು, ಕುಶಾಲನಗರದ ಗೊಬ್ಬರದ ಅಂಗಡಿಯಲ್ಲಿ ಇನ್ನೊಬ್ಬರು. ಅವರು ಸ್ವತಃ ಎಷ್ಟು ಕೊಂಡಿದ್ದಾರೆ ಎಂದು ಮಾತ್ರ ಯಾರೂ ತೋರಿಸುತ್ತಿರಲಿಲ್ಲ. ಜನರ ಹಣ ಒಟ್ಟುಗೂಡಿಸಿ ಷೇರಿಗೆ ಹಾಕುವ ಮ್ಯೂಚುವಲ್ ಫಂಡ್ ನಡೆಸುವವರು ಹಾಗಲ್ಲ, ಅವರು ತೋರಿಸಲೇಬೇಕು. ತಿಂಗಳು ಮುಗಿದ ಹತ್ತು ದಿನಗಳೊಳಗೆ ಪ್ರತಿಯೊಂದು ಯೋಜನೆಯಲ್ಲೂ ಯಾವ ಕಂಪನಿಯ ಎಷ್ಟು ಷೇರು ಇದೆ ಎಂಬುದನ್ನು ಪ್ರಕಟಿಸಬೇಕೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಮಾಡಿದೆ. ಫಂಡ್ ಸಂಸ್ಥೆಗಳ ಜಾಲತಾಣದಲ್ಲಿ ಅದು ಎಕ್ಸೆಲ್ ಕಡತವಾಗಿ ಬರುತ್ತದೆ, ಕಾಸು ಕೊಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಇದನ್ನು ತೋರಿಸಿಕೊಟ್ಟ ದಿನ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಸಾವಿರಾರು ಕೋಟಿ ನಿಭಾಯಿಸುವವರ ಲೆಕ್ಕದ ಪುಸ್ತಕ ನನ್ನ ಅಡುಗೆಮನೆಯ ಮೇಜಿನ ಮೇಲೆ ತೆರೆದುಕೊಂಡಿತ್ತು.

ಮೊದಲ ವರ್ಷ ಸುಲಭದ ದಾರಿ ಹಿಡಿದೆ. ಟ್ರೆಂಡ್‌ಲೈನ್, ವ್ಯಾಲ್ಯೂ ರಿಸರ್ಚ್‌ನಂತಹ ತಾಣಗಳಲ್ಲಿ ಈ ಕಡತಗಳ ಸಾರವೇ ಸಿಗುತ್ತದೆ. ಯಾವ ಫಂಡಿನ ಕೈಯಲ್ಲಿ ಏನಿದೆ, ಹಿಂದಿನ ತಿಂಗಳಿಗಿಂತ ಏನು ಬದಲಾಗಿದೆ ಎಂದು ನೋಡಬಹುದು. ನಾನು ನೋಡುತ್ತಿದ್ದದ್ದು ಶೇಕಡಾವಾರು ಕಾಲಂ ಒಂದನ್ನೇ. ಒಂದು ಕಂಪನಿಯ ಪಾಲು ಶೇ 2.5ರಿಂದ 2.9ಕ್ಕೆ ಏರಿದರೆ, ಫಂಡ್ ನಡೆಸುವ ಮ್ಯಾನೇಜರ್ ಇನ್ನಷ್ಟು ಕೊಂಡಿದ್ದಾರೆ ಎಂದುಕೊಂಡು ನಾನೂ ಕೊಳ್ಳುತ್ತಿದ್ದೆ.

ಅದು ತಪ್ಪು ಎಂದು ತಿಳಿಯಲು ಕಾಗದ, ಪೆನ್ಸಿಲ್ ಸಾಕಾಗಿತ್ತು. ಎಂಟು ಸಾವಿರ ಕೋಟಿಯ ಒಂದು ಫಂಡ್ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಕಂಪನಿಯ 40 ಲಕ್ಷ ಷೇರು, ಒಂದೊಂದಕ್ಕೆ 500 ರೂಪಾಯಿ, ಅಂದರೆ 200 ಕೋಟಿ, ಶೇ 2.5. ತಿಂಗಳಲ್ಲಿ ಷೇರಿನ ಬೆಲೆ 600 ಆಯಿತು, ಫಂಡಿನ ಒಟ್ಟು ಮೊತ್ತ 8,200 ಕೋಟಿಗೆ ಬಂತು. ಈಗ ಅದೇ 40 ಲಕ್ಷ ಷೇರಿನ ಮೌಲ್ಯ 240 ಕೋಟಿ, ಪಾಲು ಶೇ 2.9. ಯಾರೂ ಒಂದು ಷೇರನ್ನೂ ಕೊಂಡಿಲ್ಲ. ಬೆಲೆ ಏರಿದ್ದನ್ನೇ ಖರೀದಿ ಎಂದು ಓದಿ, ಏರಿದ ಬೆಲೆಗೆ ನಾನು ಹೋಗಿ ಕೊಳ್ಳುತ್ತಿದ್ದೆ. ಚೆರಿ ಮೂಟೆಯ ತೂಕ ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ, ಅದರಿಂದ ಬೀಜ ಎಷ್ಟು ಬರುತ್ತದೆಂಬ ಔಟ್‌ಟರ್ನ್ ಎಷ್ಟು ಎಂದು ಮೊದಲು ಕೇಳುತ್ತಾರೆ. ಇಷ್ಟು ವರ್ಷ ಚೆರಿ ಮಾರಿದವಳಿಗೆ ಇದು ಹೊಳೆಯಬೇಕಿತ್ತು.

ಅಂದಿನಿಂದ ಮೂಲ ಕಡತವನ್ನೇ ಇಳಿಸಿಕೊಳ್ಳುತ್ತೇನೆ, ಷೇರುಗಳ ಸಂಖ್ಯೆಯ ಕಾಲಂ ಮಾತ್ರ ನೋಡುತ್ತೇನೆ. ಹನ್ನೆರಡು ಯೋಜನೆಗಳನ್ನು ಆರಿಸಿಕೊಂಡಿದ್ದೇನೆ. ಪ್ರತಿಯೊಂದಕ್ಕೂ ಒಂದು ಹಾಳೆ, ಎಡಕ್ಕೆ ಕಂಪನಿ, ಬಲಕ್ಕೆ ತಿಂಗಳುಗಳು. ಹೊಸ ತಿಂಗಳ ಸಂಖ್ಯೆಯನ್ನು ಹಳೆಯದರಿಂದ ಭಾಗಿಸುತ್ತೇನೆ. ಎಲ್ಲ ಕಂಪನಿಗಳಲ್ಲೂ ಶೇ 3ರಷ್ಟು ಏರಿಕೆ ಕಂಡರೆ, ಅದು ಹೂಡಿಕೆದಾರರು ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಹಣ ಒಳಗೆ ಬಂದು ಎಲ್ಲದಕ್ಕೂ ಹಂಚಿಹೋದದ್ದು. ಅದರಲ್ಲಿ ಮ್ಯಾನೇಜರ್‌ನ ಅಭಿಪ್ರಾಯವೇನೂ ಇಲ್ಲ. ಉಳಿದದ್ದೆಲ್ಲ ಶೇ 3 ಇರುವಾಗ ಒಂದೇ ಒಂದು ಕಂಪನಿ ಶೇ 20 ಏರಿದ್ದರೆ ಅಲ್ಲಿ ನಿಲ್ಲುತ್ತೇನೆ.

ಈ ಹಾಳೆ ಮಾಡಿದ ಮೇಲೂ ಒಂದು ಪೆಟ್ಟು ತಿಂದೆ, ಅದನ್ನು ವಿವರವಾಗಿ ಹೇಳಬೇಕು. ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆಂದು, ಕಂಪನಿಗಳನ್ನು ಅವುಗಳ ಷೇರಿನ ಗುರುತಿನ ಸಂಖ್ಯೆಯಾದ ಐಎಸ್‌ಐಎನ್ ಮೇಲೆ ಹೊಂದಿಸುವ ಸೂತ್ರವನ್ನು ಮಗಳು ಹಾಕಿಕೊಟ್ಟಿದ್ದಳು. ಒಂದು ತಿಂಗಳು, ನಾನು ತುಂಬ ನಂಬಿದ್ದ ಕಂಪನಿಯ ಎದುರು ಸೊನ್ನೆ ಬಂತು. ಒಂದಲ್ಲ, ಅದನ್ನು ಇಟ್ಟುಕೊಂಡಿದ್ದ ನಾಲ್ಕೂ ಫಂಡುಗಳಲ್ಲಿ ಸೊನ್ನೆ. ನಾಲ್ವರೂ ಒಟ್ಟಿಗೆ ಹೊರಗೆ ಬಂದಿದ್ದಾರೆಂದರೆ ಒಳಗೆ ಏನೋ ಕೆಟ್ಟದ್ದು ನಡೆದಿದೆ ಎಂದು ಹೆದರಿ ಮರುದಿನ ಬೆಳಿಗ್ಗೆಯೇ ಮಾರಿಬಿಟ್ಟೆ. ಶನಿವಾರ ಮಗಳು ಬಂದಳು. ಕಡತವನ್ನು ಕೆಳಗಿನವರೆಗೆ ಸರಿಸಿ, "ಅಮ್ಮಾ, ಕಂಪನಿ ಇಲ್ಲೇ ಇದೆಯಲ್ಲ. ನಂಬರ್ ಬೇರೆ ಅಷ್ಟೆ" ಎಂದಳು. ಆ ಕಂಪನಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಎರಡು ರೂಪಾಯಿಯ ಐದು ಷೇರುಗಳಾಗಿ ವಿಭಜಿಸಿತ್ತು. ಮುಖಬೆಲೆ ಬದಲಾದರೆ ಐಎಸ್‌ಐಎನ್ ಕೂಡ ಬದಲಾಗುತ್ತದೆ. ಹಳೆಯ ಸಂಖ್ಯೆಯ ಎದುರು ಸೊನ್ನೆ, ಹೊಸ ಸಂಖ್ಯೆಯ ಎದುರು ಐದು ಪಟ್ಟು ಷೇರು. ಯಾರೂ ಏನನ್ನೂ ಮಾರಿರಲಿಲ್ಲ. ಮತ್ತೆ ಕೊಳ್ಳುವ ಹೊತ್ತಿಗೆ ಬೆಲೆ ಮೇಲೆ ಹೋಗಿತ್ತು. ಇರುವ ಷೇರಿಗೆ ಬಿಟ್ಟಿಯಾಗಿ ಬೋನಸ್ ಷೇರು ಕೊಟ್ಟಾಗ ಐಎಸ್‌ಐಎನ್ ಹಾಗೆಯೇ ಉಳಿಯುತ್ತದೆ, ಆದರೆ ಸಂಖ್ಯೆ ಎರಡು ಪಟ್ಟೋ ಮೂರು ಪಟ್ಟೋ ಆಗಿ ಭಾರೀ ಖರೀದಿಯಂತೆ ಕಾಣುತ್ತದೆ. ಹಾಗಾಗಿ ಈಗ ಯಾವ ದೊಡ್ಡ ಬದಲಾವಣೆ ಕಂಡರೂ, ಷೇರು ವಿನಿಮಯ ಕೇಂದ್ರದ ತಾಣದಲ್ಲಿ ಆ ಕಂಪನಿಯ ಪ್ರಕಟಣೆಗಳನ್ನು ಮೊದಲು ನೋಡುತ್ತೇನೆ.

ವಿಲೀನವೂ ಇದೇ ರೀತಿ ಕಣ್ಣಿಗೆ ಮಣ್ಣೆರಚುತ್ತದೆ. ನಮ್ಮ ಪೊಲ್ಲಿಬೆಟ್ಟದ ನಂಟಿನ ಟಾಟಾ ಕಾಫಿ 2024ರ ಜನವರಿ 1ರಿಂದ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ಸೇರಿತು. ಹತ್ತು ಷೇರು ಇದ್ದವರಿಗೆ ಅಲ್ಲಿಯ ಮೂರು ಷೇರು. ಪಟ್ಟಿಯಿಂದ ಒಂದು ಹೆಸರು ಅಳಿಯಿತೆಂದರೆ ಯಾರೋ ಕೈಬಿಟ್ಟರು ಎಂದು ಅರ್ಥವಲ್ಲ.

ನಿಜವಾದ ಖರೀದಿಯೇ ಆಗಿದ್ದರೂ ಏಕೆ ಕೊಂಡರು ಎಂಬುದು ಬೇರೆ ಪ್ರಶ್ನೆ. 2020ರ ಸೆಪ್ಟೆಂಬರ್‌ನಲ್ಲಿ ಸೆಬಿ, ಮಲ್ಟಿಕ್ಯಾಪ್ ಫಂಡುಗಳು ದೊಡ್ಡ, ಮಧ್ಯಮ, ಸಣ್ಣ ಕಂಪನಿಗಳಲ್ಲಿ ತಲಾ ಶೇ 25ರಷ್ಟಾದರೂ ಹೂಡಲೇಬೇಕೆಂದು ಹೇಳಿತು. 2021ರ ಜನವರಿ ಕೊನೆಯವರೆಗೆ ಗಡುವು. ಆ ಚಳಿಗಾಲ ಒಂದು ಫಂಡಿನ ಕಡತದಲ್ಲಿ ಸಣ್ಣ ಕಂಪನಿಗಳ ಹೊಸ ಹೆಸರುಗಳು ಸಾಲುಸಾಲಾಗಿ ಬಂದವು. ಕೊಯ್ಲಿನ ಗಡಿಬಿಡಿಯ ನಡುವೆಯೂ ರಾತ್ರಿ ಕುಳಿತು ಆ ಹೆಸರುಗಳನ್ನೆಲ್ಲ ಗುರುತು ಹಾಕಿಕೊಂಡೆ. ಅದರಲ್ಲಿ ಎಷ್ಟು ಅವರಿಗೆ ಮೆಚ್ಚುಗೆಯಾಗಿ ಬಂದವು, ಎಷ್ಟು ನಿಯಮ ತುಂಬಿಸಲು ಬಂದವು ಎಂಬುದು ಕಡತದಲ್ಲಿ ಬರೆದಿರುವುದಿಲ್ಲ. ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿ ಆರು ತಿಂಗಳಿಗೊಮ್ಮೆ ಕಂಪನಿಗಳನ್ನು ಗಾತ್ರದ ಮೇಲೆ ಹೊಸದಾಗಿ ಪಟ್ಟಿ ಮಾಡುತ್ತದೆ. ಮೊದಲ 100 ದೊಡ್ಡವು, 101ರಿಂದ 250 ಮಧ್ಯಮ, ಉಳಿದವು ಸಣ್ಣವು. ಮಧ್ಯಮ ಗಾತ್ರದ ಕಂಪನಿ ಬೆಳೆದು ಮೇಲಿನ ಪಟ್ಟಿಗೆ ಹೋದರೆ, ಮಿಡ್‌ಕ್ಯಾಪ್ ಫಂಡ್ ಅದನ್ನು ಕಡಿಮೆ ಮಾಡಬೇಕಾಗಿ ಬರಬಹುದು. ಅದನ್ನು ಕಂಪನಿಯ ಮೇಲಿನ ಅಪನಂಬಿಕೆ ಎಂದು ಓದಬಾರದು. ಸೂಚ್ಯಂಕದಲ್ಲಿ ಇರುವುದನ್ನೇ ಹಾಗೆಯೇ ಕೊಳ್ಳುವ ಇಂಡೆಕ್ಸ್ ಫಂಡುಗಳನ್ನಂತೂ ನನ್ನ ಪಟ್ಟಿಯಲ್ಲಿ ಇಟ್ಟೇ ಇಲ್ಲ, ಅಲ್ಲಿ ಆಯ್ಕೆ ಮಾಡುವವರೇ ಇರುವುದಿಲ್ಲ.

ಇನ್ನೆರಡು ಕಡೆ ಕಣ್ಣಾಡಿಸುತ್ತೇನೆ. ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಬರುವ ಷೇರುದಾರರ ವಿವರ ಒಂದು, ಸ್ಕ್ರೀನರ್ ಎಂಬ ತಾಣದಲ್ಲಿ ಅದನ್ನು ಸಾಲಾಗಿ ನೋಡಬಹುದು. ಶೇ 1ಕ್ಕಿಂತ ಕಡಿಮೆ ಇರುವವರ ಹೆಸರು ಅದರಲ್ಲಿ ಬರುವುದಿಲ್ಲ, ಆದ್ದರಿಂದ ಹೆಸರು ಮಾಯವಾದವರು 0.9ರಲ್ಲಿ ಉಳಿದಿರಲೂಬಹುದು. ಇನ್ನೊಂದು ಬಲ್ಕ್ ಡೀಲ್ ಪಟ್ಟಿ. ಕಂಪನಿಯ ಶೇ 0.5ಕ್ಕಿಂತ ಹೆಚ್ಚು ಷೇರು ಒಂದೇ ದಿನ ಒಬ್ಬರ ಕೈಯಿಂದ ವಹಿವಾಟಾದರೆ ಹೆಸರು ಸಮೇತ ಹೊರಗೆ ಬರುತ್ತದೆ. ಅದೇ ಹೆಸರು ಅದೇ ದಿನ ಮಾರಿದವರ ಸಾಲಿನಲ್ಲೂ ಇದೆಯೇ ಎಂದು ನೋಡದೆ ಯಾವ ತೀರ್ಮಾನಕ್ಕೂ ಬರುವುದಿಲ್ಲ.

ಅಮೆರಿಕದ ಕಡತಗಳನ್ನೂ ಕುತೂಹಲಕ್ಕೆ ಓದಿದ್ದೇನೆ. ಹತ್ತು ಕೋಟಿ ಡಾಲರ್‌ಗಿಂತ ಹೆಚ್ಚಿನ ಷೇರು ನಿಭಾಯಿಸುವವರು ಅಲ್ಲಿ 13ಎಫ್ ಎಂಬ ವರದಿಯನ್ನು ತ್ರೈಮಾಸಿಕ ಮುಗಿದ 45 ದಿನಗಳಲ್ಲಿ ಸಲ್ಲಿಸಬೇಕು. ಅಲ್ಲಿನ ನಿಯಂತ್ರಕರ ಎಡ್ಗರ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬೆಲೆ ಇಳಿಯುತ್ತದೆಂದು ಎರವಲು ಷೇರು ಮಾರಿದ್ದು, ಅಂದರೆ ಶಾರ್ಟ್ ಮಾಡಿದ್ದು, ಅದರಲ್ಲಿ ಇರುವುದಿಲ್ಲ. ಅನುಮತಿ ಪಡೆದು ಕೆಲವನ್ನು ಸ್ವಲ್ಪ ಕಾಲ ಮುಚ್ಚಿಡಲೂ ಅವಕಾಶವಿದೆ. ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹಾಥವೇ, ಚಬ್ ಎಂಬ ವಿಮಾ ಕಂಪನಿಯ ಷೇರನ್ನು ತ್ರೈಮಾಸಿಕಗಳ ಕಾಲ ಹೀಗೆ ಹೆಸರಿಲ್ಲದೆ ಕೊಳ್ಳುತ್ತ ಬಂದು, 2024ರ ಮೇ ತಿಂಗಳಲ್ಲಿ ಹೊರಗೆ ಹೇಳಿತು. ಅದನ್ನು ಓದಿದಾಗ, ನಮಗೆ ಕಾಣುವುದು ಅವರು ಆಗಲೇ ನಡೆದುಹೋದ ದಾರಿಯ ಹೆಜ್ಜೆ ಗುರುತು ಮಾತ್ರ ಎಂಬುದು ಮನಸ್ಸಿಗೆ ನಾಟಿತು.

ಪಕ್ಕದ ತೋಟದ ಹುಡುಗ ನನ್ನ ಹಾಳೆ ನೋಡಿ, "ಅಕ್ಕಾ, ಸುಮ್ಮನೆ ಮೇಲಿನ ಐದು ಹೆಸರು ಹೇಳಿ, ನಾನೂ ಹಾಕುತ್ತೇನೆ" ಎಂದ. ಹೇಳಲಿಲ್ಲ. ಅವರು ತಿಂಗಳ ಮೊದಲ ವಾರ ಕೊಂಡದ್ದು ನಮಗೆ ಗೊತ್ತಾಗುವುದು ಮುಂದಿನ ತಿಂಗಳ ಹತ್ತಕ್ಕೆ. ಮಾರುವಾಗಲೂ ನಮಗೆ ಹೇಳಿ ಮಾರುವುದಿಲ್ಲ. ನಾನು ಹಾಳೆಯಿಂದ ತೆಗೆದುಕೊಳ್ಳುವುದು ಓದಬೇಕಾದ ಕಂಪನಿಗಳ ಹೆಸರನ್ನು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಸ್ಥೆಗಳು ಮೂರು ತಿಂಗಳು ಒಂದೇ ಕಂಪನಿಯ ಷೇರನ್ನು ಹೆಚ್ಚಿಸುತ್ತ ಹೋದರೆ, ಅದರ ವಾರ್ಷಿಕ ವರದಿ ತೆಗೆಯುತ್ತೇನೆ. ಸಾಲ ಎಷ್ಟು, ಲಾಭದ ಹಣ ನಿಜವಾಗಿ ಕೈಗೆ ಬರುತ್ತಿದೆಯೇ, ಕಂಪನಿಯ ಒಡೆತನ ಹಿಡಿದಿರುವ ಪ್ರವರ್ತಕರು ತಮ್ಮ ಷೇರು ಅಡವಿಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಹೀಗೆ ಓದಿದ ಹತ್ತರಲ್ಲಿ ಒಂದೋ ಎರಡೋ ಕೊಂಡಿದ್ದೇನೆ. ಆ ಹುಡುಗನಿಗೂ ಒಂದು ವಾರ್ಷಿಕ ವರದಿ ಕೊಟ್ಟು ಕಳುಹಿಸಿದೆ.

ಜುಲೈ ಬಂತೆಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮಳೆ ನಿಂತ ಗಳಿಗೆ ನೋಡಿಕೊಂಡು ಅರೇಬಿಕಾ ಏರಿನ ಮೇಲೆ ಹತ್ತಿ ಮೊಬೈಲಿಗೆ ಕಡತಗಳನ್ನು ಇಳಿಸಿಕೊಂಡು ಬರುತ್ತೇನೆ. ಈ ಸಲ ನನಗೆ ಬೇಕಾದ ಮೂರರ ಪೈಕಿ ಎರಡು ಫಂಡುಗಳು ಹೆಚ್ಚಿಸಿರುವ ಒಂದು ಕಂಪನಿಯ ಎದುರು ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಬೋನಸ್ ಅಲ್ಲ, ವಿಭಜನೆಯೂ ಅಲ್ಲ, ನೋಡಿಯಾಗಿದೆ. ಇಪ್ಪತ್ತೊಂದಕ್ಕೆ ಷೇರುದಾರರ ವಿವರ ಬರಬೇಕು.